ವಾಲ್ಸ್‌ನ ಅಜ್ಜಿಗೆ ನಮಸ್ಕಾರ

ಜನವರಿಯ ಕೊನೆಯ ಭಾನುವಾರ ಸ್ಪೇನಿನ ಕ್ಯಾಟಲೋನಿಯಾದ ವಾಲ್ಸ್ ಊರಿನಲ್ಲಿ ಕಲ್ಸೊಟ್ ಹಬ್ಬ. ಕಲ್ಸೊಟ್ ಎಂದರೆ ಉದ್ದನೆಯ ಎಳೆ ಈರುಳ್ಳಿ. ಬೆಳೆದಂತೆಲ್ಲ ಬುಡಕ್ಕೆ ಮಣ್ಣು ಏರಿಸುವುದರಿಂದ ಕಾಂಡ ಬೆಳ್ಳಗೆ, ಸಿಹಿಯಾಗಿ ಉಳಿಯುತ್ತದೆ. ದ್ರಾಕ್ಷಿ ಬಳ್ಳಿಯ ಒಣಕಡ್ಡಿಗಳ ಉರಿಯಲ್ಲಿ ಸುಟ್ಟು ಚಾವಣಿಗೆ ಹೊದಿಸುವ ಹೆಂಚಿನ ಮೇಲೆ ತಂದಿಟ್ಟರು. ಆ ಕೊಳ್ಳಿಯಂಥದ್ದನ್ನು ನಾನು ಚಾಕುವಿನಿಂದ ಕೊಯ್ಯಲು ಹೊರಟೆ!

ಎದುರಿಗೆ ಕುಳಿತಿದ್ದ ನಿಮಗೆ ನೋಡಿ ಸಹಿಸಲಾಗಲಿಲ್ಲ. ಎದ್ದು ಬಂದು ನನ್ನ ಕೊರಳಿಗೆ ಬಟ್ಟೆ ಕಟ್ಟಿದಿರಿ. ಕರಿದಾದ ಬುಡವನ್ನು ಒಂದು ಕೈಯಲ್ಲಿ ಹಿಡಿಸಿ, ನಡುವಿನ ಹಸಿರು ಎಲೆಯನ್ನು ಇನ್ನೊಂದು ಕೈಯಿಂದ ಎಳೆಸಿದಿರಿ. ಹೊರಗಿನ ಮಸಿಸಿಪ್ಪೆ ಕೈಯಲ್ಲೇ ಉಳಿದು, ಬಿಳಿ ತಿರುಳು ಜಾರಿ ಬಂತು. ಬಾದಾಮಿ, ಟೊಮೆಟೊ, ಬೆಳ್ಳುಳ್ಳಿ ಅರೆದ ಕೆಂಪು ಸಾಸಿನಲ್ಲಿ (ನಮ್ಮ ಚಟ್ನಿಯ ದೂರದ ನೆಂಟನೇ ಸರಿ) ಅದ್ದಿ, ತಲೆ ಹಿಂದಕ್ಕೆ ಚೆಲ್ಲಿ ಬಾಯಿಗಿಳಿಸುವುದನ್ನು ಮಾಡಿ ತೋರಿಸಿದಿರಿ.

ಮುಂದೆ ಮಾಂಸ ಬಂದಾಗ ನಾನು ಬೇಡವೆಂದು ತಲೆಯಾಡಿಸಿದೆ. ನೀವು ಬಡಿಸುವವನನ್ನು ಕರೆದು ಗದರಿ, ನನಗೆಂದು ಬಿಳಿ ಬೀನ್ಸ್ ಕಾಳನ್ನೂ ಆರ್ಟಿಚೋಕ್ ಎಂಬ ಸುಟ್ಟ ಹೂಮೊಗ್ಗಿನ ತರಕಾರಿಯನ್ನೂ ತರಿಸಿದಿರಿ. ಗದರಿದ್ದು ನಿಮ್ಮ ಕ್ಯಾಟಲಾನ್ ಭಾಷೆಯಲ್ಲಿ, ಅರ್ಥ ಮಾತ್ರ ನಮ್ಮಜ್ಜಿಯದೇ.

ಹೆಸರು ಕೇಳಲಿಲ್ಲ, ಅಜ್ಜಿ. ಉಗುರಿನ ಮಸಿ ಮೂರು ದಿನ ಹೋಗಲಿಲ್ಲ.