ಹೊಳಿ ಹಿಡಿದು ಹೋಗು ಎಂದವರಿಗೆ

ಕಳೆದ ಶನಿವಾರ ಸಂಜೆ ನನ್ನ ಮೊದಲ 200 ಕಿಲೋಮೀಟರ್ ಬಿಆರ್‌ಎಂ ಮುಗಿಯಿತು. ಬಿಆರ್‌ಎಂ ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ. ಪುಣೆಯಿಂದ ಹೊರಟು ಖಂಬಾಟಕಿ ಘಾಟ್ ಹತ್ತಿ, ವಾಯಿ ದಾಟಿ, ಪಸರಣಿ ಘಾಟ್ ಏರಿ ಪಾಂಚಗಣಿ ಮುಟ್ಟಿ ವಾಪಸ್. ಗಡುವು 13 ಗಂಟೆ 30 ನಿಮಿಷ. ಅದರೊಳಗೆ ಬಂದೆ, ಅಷ್ಟೇ. ಇದು ರೇಸ್ ಅಲ್ಲ. ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಒಂದೇ ಮರ್ಯಾದೆ. ನನ್ನಂಥವರಿಗೆ ಹೇಳಿ ಮಾಡಿಸಿದ್ದು, ಅಲ್ವಾ?

ಅವತ್ತಿನಿಂದ ಫೋನ್ ತುಂಬಾ ಅಭಿನಂದನೆಗಳು. ಎಲ್ಲರೂ "ಏನು ಧೈರ್ಯ ನಿಮ್ಮದು" ಅಂತಲೇ ಬರೆದಿದ್ದೀರಿ. ಧೈರ್ಯದ ಲೆಕ್ಕದಲ್ಲಿ ನನಗೆ ಏನೂ ಬರಬೇಕಾಗಿಲ್ಲ. ನನಗೆ ಸಿಕ್ಕಿದ್ದು ದಾರಿಗಳು. ಒಂದೊಂದನ್ನೂ ಯಾರೋ ತೋರಿಸಿಕೊಟ್ಟರು. ಆ ಸಾಲ ಹೇಳಿಬಿಡುತ್ತೇನೆ.

ಹತ್ತಿರದವರಿಗೆ ಗೊತ್ತು. ಒಂದು ಮಳೆಗಾಲದ ಬೆಳಿಗ್ಗೆ ಹೈವೇಯಲ್ಲಿ ಹಿಂದಿನಿಂದ ಬಂದ ಟೆಂಪೊ ತಾಗಿ ನನ್ನ ಬಲಗಡೆಯ ಕಾಲರ್ ಬೋನ್ ಮುರಿದಿತ್ತು. ಪ್ಲೇಟು, ಸ್ಕ್ರೂ, ಆಮೇಲೆ ತಿಂಗಳುಗಟ್ಟಲೆ ಫಿಸಿಯೋಥೆರಪಿ. ಆ ಹುಡುಗಿಗೆ, ಅಂದರೆ ನನ್ನ ಫಿಸಿಯೋ ಡಾಕ್ಟರಿಗೆ, ಮೊದಲ ನಮಸ್ಕಾರ. ನಾನು ಅತ್ತರೂ ಬೈದರೂ ಕೈ ಎತ್ತಿಸದೆ ಬಿಡಲಿಲ್ಲ. ಮೂಳೆ ಕೂಡಿತು. ಹೆದರಿಕೆ ಮಾತ್ರ ಹೋಗಲಿಲ್ಲ. ಹಿಂದಿನಿಂದ ಎಂಜಿನ್ ಸದ್ದು ಕೇಳಿದರೆ ಭುಜ ಎರಡೂ ಕಿವಿಯ ಹತ್ತಿರ ಬಂದುಬಿಡುತ್ತಿದ್ದವು. ಸೈಕಲ್ ಮಾರಿಬಿಡೋಣ ಅಂತ ಮನೆಯಲ್ಲಿ ಮಾತಾಗಿತ್ತು. ಗಿರಾಕಿಯೂ ಬಂದಿದ್ದ.

ಆಗ ಸಿಕ್ಕವರು ನಮ್ಮ ಕಾಕಾ. ಸ್ವಂತ ಕಾಕಾ ಅಲ್ಲ. ಅಫಜಲಪುರ ಕಡೆಯವರು, ಪಿಂಪ್ರಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಕೆಲಸಕ್ಕಿದ್ದಷ್ಟು ಕಾಲವೂ ಸೈಕಲ್ ಮೇಲೇ ಓಡಾಡಿದವರು. ಪುಣೆಯನ್ನು ಸೈಕಲ್ಲುಗಳ ಊರು ಅಂತ ಕರೆಯುತ್ತಿದ್ದ ಕಾಲ ಅದು. ಒಂದು ಮದುವೆ ಊಟದಲ್ಲಿ ನನ್ನ ಕಥೆ ಕೇಳಿ ಅವರು ಹೇಳಿದ್ದು ಇಷ್ಟೇ: "ತಂಗಿ, ಹೈವೇ ಬಿಟ್ಟುಬಿಡು. ಹೊಳಿ ಹಿಡಕೊಂಡು ಹೋಗು."

ಭೀಮೆ ದಂಡೆಯಲ್ಲಿ ಬೆಳೆದವರ ಮಾತು. ಮೊದಲು ಅರ್ಥ ಆಗಲಿಲ್ಲ. ಆಮೇಲೆ ಅವರೇ ಪೇಪರ್ ನ್ಯಾಪ್‌ಕಿನ್ ಮೇಲೆ ಗೀಚಿ ತೋರಿಸಿದರು. ಸಹ್ಯಾದ್ರಿಯಿಂದ ಪವನಾ, ಮುಳಾ, ಮುಠಾ ಎಲ್ಲ ಪೂರ್ವಕ್ಕೆ ಹರಿದು ಬರುತ್ತವೆ. ಆ ನೀರೇ ಮುಂದೆ ಭೀಮೆ ಸೇರಿ ಕಾಕಾ ಅವರ ಊರಿನ ಕಡೆ ಹೋಗುತ್ತದೆ. ಒಂದೊಂದು ಹೊಳೆಗೆ ಒಂದೊಂದು ಕಣಿವೆ, ಒಂದೊಂದು ಕಣಿವೆಗೆ ಒಂದು ರಸ್ತೆ. ಕಣಿವೆಯ ಪಶ್ಚಿಮದ ತುದಿಯಲ್ಲಿ ಬೆಟ್ಟದ ಅಂಚು. ಅಲ್ಲಿಂದ ಕೊಂಕಣಕ್ಕೆ ವಾಹನ ಇಳಿಯುವ ಘಾಟ್‌ಗಳು ಬೆರಳೆಣಿಕೆಯಷ್ಟು: ಬೋರ್ ಘಾಟ್, ತಾಮ್ಹಿಣಿ, ವರಂಧ. ಹಾಗಾಗಿ ಉಳಿದ ಕಣಿವೆಗಳ ರಸ್ತೆಗಳು ಕೊನೆಯ ಹಳ್ಳಿಯಲ್ಲಿ ನಿಂತುಬಿಡುತ್ತವೆ. ದಾಟಿ ಹೋಗುವ ಲಾರಿಗಳಿಗೆ ಅಲ್ಲಿ ಕೆಲಸವೇ ಇಲ್ಲ. ಇರುವುದು ಹಾಲಿನ ಬೈಕು, ಶಾಲೆಯ ಮಕ್ಕಳು, ಹೊತ್ತಿಗೊಂದು ಸರ್ಕಾರಿ ಎಸ್‌ಟಿ ಬಸ್ಸು. ಇಷ್ಟು ವರ್ಷ ಪುಣೆಯಲ್ಲಿದ್ದೂ ನನಗೆ ಇದು ಹೊಳೆದಿರಲಿಲ್ಲ.

ಹಾಗೆ ಶುರುವಾಗಿದ್ದು ಮುಠಾ ಕಣಿವೆಯಿಂದ. ವಾರ್ಜೆ ಬಿಟ್ಟು ಸೇನಾ ಅಕಾಡೆಮಿ ಎನ್‌ಡಿಎ ಬದಿಯಿಂದ ಕುಡಜೆ, ಮಾಂಡವಿ, ಸಾಂಗರುಣ. ಖಡಕ್‌ವಾಸ್ಲಾ ಹಿನ್ನೀರಿನ ಉತ್ತರದ ದಂಡೆ ಇದು. ಎದುರಿನ ದಂಡೆಯಲ್ಲಿ ಭಾನುವಾರ ಕಾರು, ಭುಟ್ಟಾ, ಜಾತ್ರೆ. ಈ ಕಡೆ ಗದ್ದೆ, ಬೇಲಿ, ಎಮ್ಮೆ. ನನ್ನ ಗೆಳತಿಯೊಬ್ಬಳು ವಾರಗಟ್ಟಲೆ ಬೆಳಿಗ್ಗೆ ಬೇಗ ಎದ್ದು ನನ್ನ ಹಿಂದೆ ಸೈಕಲ್ ತುಳಿದಳು. ಪಕ್ಕದಲ್ಲಿ ಅಲ್ಲ, ಹಿಂದೆ. ವಾಹನ ಬಂದಾಗೆಲ್ಲ "ಕಾರು", "ಟೆಂಪೊ", "ಎಸ್‌ಟಿ" ಅಂತ ಕೂಗಿ ಹೇಳುತ್ತಿದ್ದಳು. ಬರುತ್ತಿರುವುದು ಏನು ಅಂತ ಗೊತ್ತಾದರೆ ಅರ್ಧ ಹೆದರಿಕೆ ಕಡಿಮೆ. ಕ್ರಮೇಣ ಅವಳು ಕೂಗುವ ಮುಂಚೆ ನಾನೇ ಹೇಳತೊಡಗಿದೆ. ಒಂದು ದಿನ ಹಿಂತಿರುಗಿ ನೋಡಿದರೆ ಅವಳು ಎಲ್ಲೋ ಹಿಂದೆ ಬಿದ್ದು ನೇರಳೆ ಹಣ್ಣು ಆರಿಸುತ್ತಿದ್ದಾಳೆ! ನಿನಗೆ ಏನು ಕೊಟ್ಟರೂ ತೀರುವುದಿಲ್ಲ ಮಾರಾಯ್ತಿ. ಮುಂದಿನ ಬಿಆರ್‌ಎಂಗೆ ನಿನ್ನ ಫೀಸ್ ನಂದು.

ಆಮೇಲೆ ಕೋಳವಣ. ನನಗೆ ಎಲ್ಲಕ್ಕಿಂತ ಇಷ್ಟದ ದಾರಿ ಇದೇ. ಪೌಡ್‌ನಲ್ಲಿ ಮುಳಶಿಗೆ ಹೋಗುವ ಗದ್ದಲದ ರಸ್ತೆ ಬಿಟ್ಟು ಬಲಕ್ಕೆ ತಿರುಗಬೇಕು. ತಿರುಗಿದ ಸ್ವಲ್ಪ ಹೊತ್ತಿಗೆ ಸದ್ದು ಅಡಗುತ್ತದೆ. ಕೋಳವಣ, ಹಾಡಶಿ, ಜವಣ, ತಿಕೋನಾ ಪೇಟ್, ಪವನಾನಗರ. ಎರಡೂ ಕಡೆ ಭತ್ತ. ಮುಳಶಿ ಸೀಮೆಯ ಅಂಬೆಮೋಹರ ಅಕ್ಕಿ ಕೇಳಿರುತ್ತೀರಿ, ಬೇಯುವಾಗ ಮಾವಿನ ಹೂವಿನ ವಾಸನೆ ಬರುತ್ತೆ. ಹಾಡಶಿ ದಾಟಿದ ಮೇಲೆ ಏರು. ತಿಕೋನಾ ಕೋಟೆ ಹೆಸರಿಗೆ ತಕ್ಕಂತೆ ಮೂರು ಮೂಲೆಯ ಬೆಟ್ಟ, ಏರಿನಲ್ಲಿ ಏದುಸಿರು ಬಿಡುವಾಗೆಲ್ಲ ಕಣ್ಣೆದುರೇ ಇರುತ್ತದೆ. ಅಲ್ಲೊಂದು ಟಪರಿಯ, ಅಂದರೆ ಚಹಾ ಗೂಡಂಗಡಿಯ, ಮಾವಶಿ ನನ್ನ ಕೆಂಪಗಾದ ಮುಖ ನೋಡಿ "ಬಸ್ ಗ, ಆಧೀ ಪಾಣಿ ಪೀ" (ಕೂತ್ಕೋ, ಮೊದಲು ನೀರು ಕುಡಿ) ಅಂತ ಕೂರಿಸಿ, ನೀರು ಕುಡಿಸಿದ ಮೇಲೆಯೇ ಚಹಾ ಕೊಡುತ್ತಿದ್ದರು. ಯಾವ ತಿರುವಿನಲ್ಲಿ ಜಲ್ಲಿ ಎದ್ದಿದೆ, ಯಾವ ನಾಯಿ ಬೊಗಳುವುದಷ್ಟೇ, ಯಾವುದು ಕಚ್ಚುತ್ತದೆ ಅನ್ನುವುದೆಲ್ಲ ಅವರಿಗೆ ಗೊತ್ತು. ನನ್ನ ಫೋನಿನ ನಕ್ಷೆಗೆ ಅದೊಂದೂ ಗೊತ್ತಿಲ್ಲ. ಈ ಬರಹ ಅವರು ಓದುವುದಿಲ್ಲ. ಹೋಗಿ ಹೇಳಿ ಬರಬೇಕು.

ಎಸ್‌ಟಿ ಚಾಲಕರಿಗೂ ದೊಡ್ಡ ಥ್ಯಾಂಕ್ಸ್. ಒಂದೇ ವಾಹನದಷ್ಟು ಅಗಲದ ರಸ್ತೆಯಲ್ಲಿ ಆ ಕೆಂಪು ಬಸ್ಸು ನನ್ನ ಹಿಂದೆ ತಾಳ್ಮೆಯಿಂದ ಬಂದು, ಅಗಲ ಸಿಕ್ಕ ಮೇಲೆಯೇ ದಾಟಿ ಹೋಗಿದ್ದು ಎಷ್ಟು ಸಲವೋ. ವಾರಾಂತ್ಯದ ಫಾರ್ಮ್‌ಹೌಸ್ ಕಾರುಗಳಲ್ಲಿ ಇರುವವರಿಗೆ ಈ ಗುಣ ಸ್ವಲ್ಪ ಬಂದರೆ ಸಾಕಿತ್ತು. ಹಾಗೆ ನೋಡಿದರೆ ಇಲ್ಲಿನ ಯಾವ ದಾರಿಯೂ ಯಾವಾಗಲೂ ಶಾಂತ ಅಲ್ಲ. ಮಂಗಳವಾರ ಬೆಳಿಗ್ಗೆ ಆರಕ್ಕೆ ಇರುವ ತಾಮ್ಹಿಣಿ ಬೇರೆ, ಜುಲೈ ತಿಂಗಳ ಭಾನುವಾರ ಹನ್ನೊಂದಕ್ಕೆ ಇರುವ ತಾಮ್ಹಿಣಿ ಬೇರೆ. ಮಳೆಗಾಲದಲ್ಲಿ ಗುಡ್ಡ ಕುಸಿಯುವ ಭಯ ಬೇರೆ.

ಇನ್ನೊಂದು ಋಣ ಇದೆ, ಅದನ್ನು ಹೇಗೆ ತೀರಿಸುವುದೋ ಗೊತ್ತಿಲ್ಲ. ಈ ಕಣಿವೆಗಳು ಇಷ್ಟು ಸುಮ್ಮನಿರಲು ಇನ್ನೊಂದು ಕಾರಣ ಅಣೆಕಟ್ಟುಗಳು. ಊರುಗಳಿದ್ದ ಕಡೆ ಈಗ ನೀರು. ಮುಳಶಿಯಲ್ಲಿ ಟಾಟಾ ಅಣೆಕಟ್ಟಿಗೆ ಭೂಮಿ ಕೊಡುವುದಿಲ್ಲ ಅಂತ 1921ರಲ್ಲಿ ರೈತರು ಸತ್ಯಾಗ್ರಹ ಹೂಡಿದರು. ಮುಂದಾಳಾಗಿದ್ದ ಪಾಂಡುರಂಗ ಮಹಾದೇವ ಬಾಪಟ್ ಅವರಿಗೆ ಸೇನಾಪತಿ ಅನ್ನುವ ಹೆಸರು ಬಂದದ್ದು ಆ ಹೋರಾಟದಿಂದ. ಅಣೆಕಟ್ಟು ಆಗಿಯೇ ಆಯಿತು. ಪೂರ್ವಕ್ಕೆ ಹರಿಯಬೇಕಿದ್ದ ಆ ನೀರು ಪಶ್ಚಿಮಕ್ಕೆ ತಿರುಗಿ, ಘಾಟಿನ ಕೆಳಗೆ ಭಿರಾದಲ್ಲಿ ವಿದ್ಯುತ್ ಆಗುತ್ತದೆ. ಪವನಾ ನೀರು ಪಿಂಪ್ರಿ-ಚಿಂಚ್‌ವಡದ ನಲ್ಲಿಗಳಿಗೆ. ಹಿನ್ನೀರಿನ ಬದಿಯ ಆ ಚೆಂದದ ರಸ್ತೆಯಲ್ಲಿ ಫೋಟೊ ತೆಗೆಸಿಕೊಂಡು ಬರುವ ನಾವು, ಇದು ಯಾರ ಗದ್ದೆಯಾಗಿತ್ತು ಅಂತ ಒಮ್ಮೆಯಾದರೂ ಕೇಳಬೇಕು ಅನಿಸುತ್ತದೆ. ನಾನು ಕೇಳಿದಾಗ ಹಾಡಶಿ ಹತ್ತಿರದ ಒಬ್ಬ ಅಜ್ಜ ಉತ್ತರ ಕೊಡಲಿಲ್ಲ, ಮಜ್ಜಿಗೆ ಕೊಟ್ಟರು.

ಸೈಕಲ್ ರಿಪೇರಿಯ ಹುಡುಗನನ್ನು ಮರೆತರೆ ಪಾಪ ಬರುತ್ತದೆ. "ತಾಯೀ, ಈ ಗೇರಿನಲ್ಲಿ ಪಸರಣಿ ಹತ್ತಿದರೆ ಮಂಡಿ ಹೋಗುತ್ತೆ" ಅಂತ ಹಿಂದಿನ ಕ್ಯಾಸೆಟ್, ಅಂದರೆ ಗೇರಿನ ಹಲ್ಲುಚಕ್ರಗಳ ಗೊಂಚಲು, ಬಿಚ್ಚಿ, 34 ಹಲ್ಲಿನ ದೊಡ್ಡ ಚಕ್ರ ಇರುವುದನ್ನು ಹಾಕಿದ. ಹ್ಯಾಂಡಲ್ ತುದಿಗೆ ಒಂದು ಸಣ್ಣ ಕನ್ನಡಿಯನ್ನೂ ಕೂರಿಸಿದ. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ರೋಡ್ ಬೈಕಿಗೆ ಕನ್ನಡಿ ಹಾಕಿದರೆ ಕೆಲವರು ನಗುತ್ತಾರೆ. ನಗಲಿ ಬಿಡಿ.

ಬಿಆರ್‌ಎಂ ದಿನ ಹೈವೇ ತಪ್ಪಿಸುವಂತಿರಲಿಲ್ಲ. ಖಂಬಾಟಕಿ ಏರಿನಲ್ಲಿ ಲಾರಿಗಳು ಸಾಲಾಗಿ ನರಳುತ್ತಾ ಹತ್ತುತ್ತಿದ್ದವು. ನಾನೂ ಅವುಗಳ ಜೊತೆ. ಹಿಂದೆ ಯಾರೂ ಇರಲಿಲ್ಲ, ಆದರೂ ಜೋರಾಗಿಯೇ "ಲಾರಿ", "ಲಾರಿ", "ಬಸ್ಸು" ಅಂತ ಹೇಳಿಕೊಂಡು ಹೋದೆ. ಪಕ್ಕದಲ್ಲಿ ಹೋಗುತ್ತಿದ್ದ ಒಬ್ಬ ಕ್ಲೀನರ್ ಹುಡುಗ ಕೇಳಿಸಿಕೊಂಡು, ಬಾಗಿಲಿನಿಂದ ಕೈ ಚಾಚಿ ನಮಸ್ಕಾರ ಮಾಡಿದ. ಅವನಿಗೂ ಒಂದು ನಮಸ್ಕಾರ. ವಾಯಿಯಲ್ಲಿ, ಅಲ್ಲಿಗೆ ಬಂದದ್ದಕ್ಕೆ ಗುರುತಾಗಿ ಕಾರ್ಡಿಗೆ ಮುದ್ರೆ ಹಾಕಿದ ಸ್ವಯಂಸೇವಕರು ಬಾಳೆಹಣ್ಣು ಕೈಗಿಟ್ಟರು. ಪಸರಣಿ ಬಗ್ಗೆ ಹೇಳುವುದು ಏನೂ ಇಲ್ಲ, ತುಳಿದೆ. ಕಾಲು ಇನ್ನೂ ನೋಯುತ್ತಿದೆ.

ಮನೆಯವರಿಗೆ ಸಾರ್ವಜನಿಕವಾಗಿ ಥ್ಯಾಂಕ್ಸ್ ಹೇಳಿದರೆ ಮುಜುಗರ ಆಗುತ್ತಂತೆ. ಇಷ್ಟು ಮಾತ್ರ ಹೇಳುತ್ತೇನೆ: ಸೈಕಲ್ ಕೊಳ್ಳಲು ಬಂದ ಗಿರಾಕಿಗೆ "ಮಾರಾಟಕ್ಕಿಲ್ಲ" ಅಂತ ಹೇಳಿ ಕಳಿಸಿದ್ದು ನಾನಲ್ಲ.

ಫ್ರಾನ್ಸಿನ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸವಾರಿ ಯಾವಾಗ ಅಂತ ಕೇಳುತ್ತಿರುವ ತುಂಟರಿಗೆ: ಅದು 1200 ಕಿಲೋಮೀಟರ್, ನನಗೆ ಬುದ್ಧಿ ನೆಟ್ಟಗಿದೆ. ನಿಜವಾಗಿ ಶುರು ಮಾಡಬೇಕು ಅಂತಿರುವ ಅಕ್ಕ ತಂಗಿಯರಿಗೆ: ಈ ಭಾನುವಾರ ಬೆಳಿಗ್ಗೆ ಐದೂವರೆಗೆ ಪುಣೆಯ ಚಾಂದನಿ ಚೌಕದಿಂದ ಕೋಳವಣಕ್ಕೆ ಹೊರಡುತ್ತೇವೆ. ಹೆಲ್ಮೆಟ್, ಹಿಂದೆ ಕೆಂಪು ಲೈಟ್, ಎರಡು ಟ್ಯೂಬ್ ಬೇಕೇ ಬೇಕು. ಯಾವ ಸೈಕಲ್ ಆದರೂ ನಡೆಯುತ್ತೆ. ಹೆದರಿಕೆ ಇರುವವರು ಮುಂದೆ ಇರಿ, ಹಿಂದಿನಿಂದ ಕೂಗುವ ಕೆಲಸ ನನ್ನದು.