‘ಐದು ಬಾರಿ ಶಾಸಕ’ ಎಂದು ಬರೆಯುವ ಮುನ್ನ

ಮಾನ್ಯ ಸಂಪಾದಕರೇ,

ಚುನಾವಣೆ ಹತ್ತಿರವಾದಾಗ, ಇಲ್ಲವೇ ಸಂಪುಟ ಪುನರ್‌ರಚನೆಯ ಗಾಳಿಸುದ್ದಿ ಎದ್ದಾಗ, ಪತ್ರಿಕೆಗಳಲ್ಲಿ ಶಾಸಕರ ಪರಿಚಯದ ಪುಟ್ಟ ಚೌಕಗಳು ಬರುತ್ತವೆ. ಹೆಸರು, ವಯಸ್ಸು, ಪಕ್ಷ, ಕೊನೆಗೆ ‘ಇಷ್ಟು ಬಾರಿ ಶಾಸಕ’. ತಕರಾರು ಇರುವುದು ಆ ಕೊನೆಯ ಅಂಕಿಯ ಬಗ್ಗೆ. ಅದು ಸಾಮಾನ್ಯವಾಗಿ ತಪ್ಪಿರುವುದಿಲ್ಲ. ಆದರೆ ಯಾವ ಕ್ಷೇತ್ರದಿಂದ, ಯಾವ ಚಿಹ್ನೆಯ ಮೇಲೆ, ಎಷ್ಟು ಕಾಲ ಎಂಬುದನ್ನೆಲ್ಲ ನುಂಗಿಕೊಂಡು ಕೂತಿರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಷ್ಟನ್ನೇ ತೆಗೆದುಕೊಂಡರೂ ಇದು ಸ್ಪಷ್ಟವಾಗುತ್ತದೆ.

ಶ್ರೀನಿವಾಸಪುರವನ್ನೇ ನೋಡಿ. 1978ರಿಂದ 2023ರವರೆಗೆ ಹನ್ನೊಂದು ವಿಧಾನಸಭಾ ಚುನಾವಣೆ ನಡೆದಿವೆ, ಗೆದ್ದವರು ಇಬ್ಬರೇ. 1978, 1985, 1994, 2004, 2013, 2018ರಲ್ಲಿ ಕೆ.ಆರ್. ರಮೇಶ್ ಕುಮಾರ್. 1983, 1989, 1999, 2008, 2023ರಲ್ಲಿ ಜಿ.ಕೆ. ವೆಂಕಟಶಿವಾರೆಡ್ಡಿ. ಅವರದು ಆರು, ಇವರದು ಐದು. ತಾಲ್ಲೂಕಿನವರ ಬಾಯಲ್ಲಿ ಒಬ್ಬರು ‘ಸ್ವಾಮಿ’, ಇನ್ನೊಬ್ಬರು ‘ರೆಡ್ಡಿ’. ಒಂದು ವರ್ಷ ಕೊಂಬೆ ಬಾಗುವಷ್ಟು ಕಾಯಿ ಬಿಟ್ಟು ಮರುವರ್ಷ ಬರೀ ಎಲೆ ತೋರಿಸುವುದು ಅಲ್ಲಿನ ಮಾವಿನ ಮರಗಳಿಗೆ ಹೊಸದಲ್ಲ. ಮತಪೆಟ್ಟಿಗೆಯೂ ನಲವತ್ತು ವರ್ಷ ಹಾಗೇ ನಡೆದುಕೊಂಡಿತು. ಸರದಿ ತಪ್ಪಿದ್ದು 2018ರಲ್ಲಿ ಒಮ್ಮೆ ಮಾತ್ರ.

ಈಗ ಅದೇ ಪಟ್ಟಿಯಲ್ಲಿ ಹೆಸರು ಮುಚ್ಚಿ ಪಕ್ಷದ ಕಾಲಂ ಒಂದನ್ನೇ ಓದಿ. 1978ರ ಇಂದಿರಾ ಕಾಂಗ್ರೆಸ್ಸನ್ನೂ ಸೇರಿಸಿದರೆ ಕಾಂಗ್ರೆಸ್ ಏಳು ಸಲ ಗೆದ್ದಿದೆ. 1985ರಲ್ಲಿ ಜನತಾ ಪಕ್ಷ, 1994ರಲ್ಲಿ ಜನತಾದಳ, 2008 ಮತ್ತು 2023ರಲ್ಲಿ ಜೆಡಿಎಸ್. ಹೊರಗಿನಿಂದ ಬಂದ ವರದಿಗಾರ ಇದನ್ನು ನೋಡಿ ‘ಕಾಂಗ್ರೆಸ್ಸಿನ ಭದ್ರಕೋಟೆ’ ಎಂದು ಬರೆದರೆ ಅವನ ತಪ್ಪೇನಿಲ್ಲ, ಕಾಲಂ ಹಾಗೆ ಹೇಳುತ್ತದೆ. ವಾಸ್ತವದಲ್ಲಿ 1999ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದವರು ರೆಡ್ಡಿ, 2004ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದವರು ರಮೇಶ್ ಕುಮಾರ್. ಪಕ್ಷದ ಲೆಕ್ಕದಲ್ಲಿ ಅದು ‘ಕ್ಷೇತ್ರ ಉಳಿಸಿಕೊಂಡ’ ಚುನಾವಣೆ. ಊರಿನ ಲೆಕ್ಕದಲ್ಲಿ ಹಾಲಿ ಶಾಸಕ ಮನೆಗೆ ಹೋದ ಚುನಾವಣೆ. 1978ರಿಂದ 1983ಕ್ಕೆ ಬಂದಾಗಲೂ ಹೀಗೇ ಆಗಿತ್ತು. 1985ರಲ್ಲಿ ಜನತಾ ಕಡೆ ಇದ್ದವರು ಈಗ ಕಾಂಗ್ರೆಸ್, 1989ರಲ್ಲಿ ಕಾಂಗ್ರೆಸ್ ಕಡೆ ಇದ್ದವರು ಈಗ ದಳ. ಇಬ್ಬರೂ ನಿಂತಲ್ಲೇ ನಿಂತಿದ್ದಾರೆ, ಬಾವುಟಗಳು ಜಾಗ ಬದಲಿಸಿವೆ. ಹೀಗಾಗಿ ಪ್ರತಿ ಗೆಲುವಿನ ಪಕ್ಕದಲ್ಲಿ ಆ ವರ್ಷದ ಪಕ್ಷವನ್ನು ಬರೆಯಬೇಕೇ ಹೊರತು, ಇವತ್ತಿನ ಪಕ್ಷವನ್ನು ಹಿಂದಿನ ಎಲ್ಲ ಗೆಲುವಿಗೂ ಹಚ್ಚಬಾರದು. ಗೌರಿಬಿದನೂರಿನ ಎನ್.ಎಚ್. ಶಿವಶಂಕರರೆಡ್ಡಿ 1999ರಿಂದ 2018ರವರೆಗೆ ಸತತ ಐದು ಸಲ ಗೆದ್ದವರು. ‘ಐದು ಬಾರಿ ಕಾಂಗ್ರೆಸ್ ಶಾಸಕ’ ಎಂದರೆ ತಪ್ಪು, ಮೊದಲನೆಯದು ಪಕ್ಷೇತರ ಗೆಲುವು. 2023ರಲ್ಲಿ ಅವರನ್ನು ಸೋಲಿಸಿದ ಕೆ.ಎಚ್. ಪುಟ್ಟಸ್ವಾಮಿಗೌಡರೂ ಪಕ್ಷೇತರರೇ. ಬಾಗೇಪಲ್ಲಿಯ ಎಸ್.ಎನ್. ಸುಬ್ಬಾರೆಡ್ಡಿ ಅವರ ಹ್ಯಾಟ್ರಿಕ್‌ನಲ್ಲೂ 2013ರದ್ದು ಪಕ್ಷೇತರ, ನಂತರದ ಎರಡು ಕಾಂಗ್ರೆಸ್.

ಇನ್ನು ‘ಬಾರಿ’ಯನ್ನು ಐದರಿಂದ ಗುಣಿಸುವ ಅಭ್ಯಾಸ. ಐದು ಬಾರಿ ಎಂದರೆ ಇಪ್ಪತ್ತೈದು ವರ್ಷ ಎಂದು ಓದುಗರು ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ. 1983ರ ಜನವರಿಯಲ್ಲಿ ಆಯ್ಕೆಯಾದ ವಿಧಾನಸಭೆ ಎರಡೇ ವರ್ಷಕ್ಕೆ ವಿಸರ್ಜನೆಯಾಗಿ 1985ರಲ್ಲಿ ಮತ್ತೆ ಚುನಾವಣೆ ನಡೆಯಿತು. 1985ರದ್ದು 1989ರ ಏಪ್ರಿಲ್‌ಗೆ ಮುಗಿಯಿತು. 2004ರದ್ದು 2007ರ ನವೆಂಬರ್‌ನಲ್ಲಿ ವಿಸರ್ಜನೆಯಾಯಿತು. ಅಂದರೆ 1983, 1985 ಅಥವಾ 2004 ಎಂದು ಯಾರ ಪರಿಚಯದಲ್ಲಿದ್ದರೂ ಅದು ಪೂರ್ಣಾವಧಿಯಲ್ಲ. ಗೆಲುವಿನ ಸಂಖ್ಯೆಯ ಜೊತೆ ಸದನದಲ್ಲಿದ್ದ ವರ್ಷಗಳನ್ನೂ ಹಾಕಿದರೆ ಗೊಂದಲವಿಲ್ಲ.

ಉಪಚುನಾವಣೆ ಬಂದರೆ ಈ ಲೆಕ್ಕ ಇನ್ನಷ್ಟು ಜಟಿಲ. ಚಿಕ್ಕಬಳ್ಳಾಪುರದಿಂದ ಡಾ. ಕೆ. ಸುಧಾಕರ್ 2013 ಮತ್ತು 2018ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. 2019ರ ಜುಲೈನಲ್ಲಿ ಅವರೂ ಸೇರಿ ಹದಿನೇಳು ಮಂದಿಯನ್ನು ಅಂದಿನ ಸ್ಪೀಕರ್ ಅನರ್ಹಗೊಳಿಸಿದರು. (ಆ ಸ್ಪೀಕರ್ ಬೇರಾರೂ ಅಲ್ಲ, ಶ್ರೀನಿವಾಸಪುರದ ರಮೇಶ್ ಕುಮಾರ್, 1994ರ ವಿಧಾನಸಭೆಯಲ್ಲೂ ಅದೇ ಪೀಠದಲ್ಲಿದ್ದವರು.) ಅನರ್ಹತೆಯನ್ನು ಸುಪ್ರೀಂ ಕೋರ್ಟ್ 2019ರ ನವೆಂಬರ್ 13ರಂದು ಎತ್ತಿಹಿಡಿಯಿತು. ಆದರೆ ಸದನದ ಅವಧಿ ಮುಗಿಯುವವರೆಗೆ ಸ್ಪರ್ಧಿಸುವಂತಿಲ್ಲ ಎಂಬ ಭಾಗವನ್ನು ತೆಗೆದುಹಾಕಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಸುಧಾಕರ್ ಬಿಜೆಪಿಯಿಂದ ಗೆದ್ದರು, 2023ರಲ್ಲಿ ಪ್ರದೀಪ್ ಈಶ್ವರ್ ಎದುರು ಸೋತರು, 2024ರಲ್ಲಿ ಸಂಸದರಾದರು. ಅವರು ‘ಮೂರು ಬಾರಿ ಶಾಸಕ’ ಎನ್ನುವುದು ನಿಜ, ಆದರೆ ಮೂರು ಗೆಲುವು ಬಂದದ್ದು ಎರಡೇ ವಿಧಾನಸಭೆಗಳಲ್ಲಿ. ಶಿರಾದಲ್ಲಿ ಇದೇ ಸಮಸ್ಯೆಯ ಇನ್ನೊಂದು ಮುಖ. 2018ರಲ್ಲಿ ಗೆದ್ದ ಜೆಡಿಎಸ್‌ನ ಬಿ. ಸತ್ಯನಾರಾಯಣ 2020ರ ಆಗಸ್ಟ್‌ನಲ್ಲಿ ತೀರಿಕೊಂಡರು. ನವೆಂಬರ್ 3ರ ಉಪಚುನಾವಣೆಯಲ್ಲಿ ಬಿಜೆಪಿಯ ಡಾ. ಸಿ.ಎಂ. ರಾಜೇಶ್ ಗೌಡ ಆಯ್ಕೆಯಾದರು. ಸಾರ್ವತ್ರಿಕ ಚುನಾವಣೆಗಳ ವರದಿಯನ್ನಷ್ಟೇ ನೋಡಿ ಪಟ್ಟಿ ಮಾಡಿದರೆ ರಾಜೇಶ್ ಗೌಡರ ಹೆಸರೇ ಇರುವುದಿಲ್ಲ, ಏಕೆಂದರೆ ಉಪಚುನಾವಣೆಯ ಅಂಕಿಗಳು ಆ ವರದಿಯೊಳಗೆ ಬರುವುದಿಲ್ಲ. ಅವನ್ನು ಬೇರೆಯಾಗಿ ಹುಡುಕಬೇಕು.

ಕ್ಷೇತ್ರವೇ ಮಾಯವಾದ ಸಂದರ್ಭಗಳೂ ಉಂಟು. 2008ರ ಮೇ ಚುನಾವಣೆ ಹೊಸ ಪುನರ್‌ವಿಂಗಡಣೆಯ ಪ್ರಕಾರ ನಡೆಯಿತು. ತುಮಕೂರು ಜಿಲ್ಲೆಯ ಕಳ್ಳಂಬೆಳ್ಳ, ಬೆಳ್ಳಾವಿ, ಹುಲಿಯೂರುದುರ್ಗ ಕ್ಷೇತ್ರಗಳು, ಕೋಲಾರದ ವೇಮಗಲ್, ಬೇತಮಂಗಲ ಕ್ಷೇತ್ರಗಳು ಅಲ್ಲಿಗೆ ಮುಗಿದವು. ತುಮಕೂರು ಗ್ರಾಮಾಂತರ ಹೊಸದಾಗಿ ಹುಟ್ಟಿತು. ಟಿ.ಬಿ. ಜಯಚಂದ್ರ ಅವರ ಹಳೆಯ ಗೆಲುವುಗಳು ಕಳ್ಳಂಬೆಳ್ಳದವು. 2008, 2013, 2023ರವು ಶಿರಾದವು. ‘ಶಿರಾದಿಂದ ಇಷ್ಟು ಬಾರಿ’ ಎಂದು ಎಲ್ಲವನ್ನೂ ಒಟ್ಟು ಹಾಕುವಂತಿಲ್ಲ. ಮೀಸಲಾತಿಯೂ ಆಗಲೇ ಅದಲು ಬದಲಾಯಿತು. ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಮಧುಗಿರಿ ಸಾಮಾನ್ಯ ಕ್ಷೇತ್ರವಾಯಿತು, ಸಾಮಾನ್ಯವಾಗಿದ್ದ ಕೊರಟಗೆರೆ ಮೀಸಲಾಯಿತು. ಡಾ. ಜಿ. ಪರಮೇಶ್ವರ 1989, 1999, 2004ರಲ್ಲಿ ಮಧುಗಿರಿಯಿಂದ, 2008, 2018, 2023ರಲ್ಲಿ ಕೊರಟಗೆರೆಯಿಂದ ಗೆದ್ದಿದ್ದಾರೆ. ಈ ಬದಲಾವಣೆ ಗೊತ್ತಿಲ್ಲದವರಿಗೆ ಅದು ಕ್ಷೇತ್ರ ಬಿಟ್ಟು ಓಡಿದಂತೆ ಕಾಣುತ್ತದೆ. 2013ರಲ್ಲಿ ಸೋತ ಮೇಲೆ 2014ರಿಂದ ವಿಧಾನ ಪರಿಷತ್ತಿನಲ್ಲಿದ್ದರು. ಆ ಅವಧಿಯನ್ನು ವಿಧಾನಸಭೆಯ ಎಣಿಕೆಗೆ ಸೇರಿಸಬಾರದು, ಬಿಟ್ಟೂ ಬಿಡಬಾರದು, ಬೇರೆ ಸಾಲಿನಲ್ಲಿ ಬರೆಯಬೇಕು. ಇನ್ನೊಂದು ಕಿರಿಕಿರಿ: ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಹಿಂದಿನ ದಾಖಲೆಗಳಲ್ಲಿ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲವೂ ಕೋಲಾರ ಜಿಲ್ಲೆಯಡಿ ಸಿಗುತ್ತವೆ.

ಖಾಲಿ ಬಿಟ್ಟ ವರ್ಷವೆಲ್ಲ ಸೋಲಲ್ಲ ಎಂಬುದಕ್ಕೆ ಕೊತ್ತೂರು ಜಿ. ಮಂಜುನಾಥ್ ಅವರ ದಾಖಲೆ ಉದಾಹರಣೆ. 2013ರಲ್ಲಿ ಮೀಸಲು ಕ್ಷೇತ್ರ ಮುಳಬಾಗಿಲಿನಿಂದ ಪಕ್ಷೇತರರಾಗಿ ಗೆದ್ದರು. ಜಾತಿ ಪ್ರಮಾಣಪತ್ರದ ವಿವಾದದಲ್ಲಿ ಹೈಕೋರ್ಟ್ ತೀರ್ಪು ವಿರುದ್ಧವಾಗಿ ಬಂದು 2018ರಲ್ಲಿ ನಾಮಪತ್ರ ತಿರಸ್ಕೃತವಾಯಿತು. 2023ರಲ್ಲಿ ಸಾಮಾನ್ಯ ಕ್ಷೇತ್ರವಾದ ಕೋಲಾರದಿಂದ ಕಾಂಗ್ರೆಸ್ ಟಿಕೆಟ್ಟಿನಲ್ಲಿ ಗೆದ್ದರು. 2018ರ ಎದುರಿಗೆ ‘ಸೋಲು’ ಎಂದು ಬರೆದರೆ ಅಪಚಾರ, ಏನೂ ಬರೆಯದಿದ್ದರೆ ಮರೆಮಾಚಿದಂತೆ.

ಗೆಲುವಿನ ಅಂತರದ ಮಾತಿಗೆ ಬಂದರೆ ಮಾಲೂರಿನಷ್ಟು ಪಾಠ ಹೇಳುವ ಕ್ಷೇತ್ರ ಇನ್ನೊಂದಿಲ್ಲ. 2023ರಲ್ಲಿ ಕಾಂಗ್ರೆಸ್ಸಿನ ಕೆ.ವೈ. ನಂಜೇಗೌಡರಿಗೆ 50,955, ಬಿಜೆಪಿಯ ಕೆ.ಎಸ್. ಮಂಜುನಾಥಗೌಡರಿಗೆ 50,707, ಪಕ್ಷೇತರ ಹೂಡಿ ವಿಜಯಕುಮಾರ್ ಅವರಿಗೆ 49,362 ಮತ. ಅಂತರ 248 ಎಂದು ಎಲ್ಲರೂ ಬರೆದರು. ಮೊದಲನೆಯವರಿಗೂ ಮೂರನೆಯವರಿಗೂ ನಡುವೆ ಇದ್ದದ್ದು 1,593 ಮತ ಮಾತ್ರ ಎಂಬುದು ಅಂತರದ ಕಾಲಮಿನಲ್ಲಿ ಕಾಣುವುದೇ ಇಲ್ಲ. ಈ ಮೂವರ ಮತ ಕೂಡಿದರೆ 1,51,024. ಗೆದ್ದವರ ಪಾಲು ಅದರ ಮೂರನೇ ಒಂದರಷ್ಟು. ಉಳಿದ ಅಭ್ಯರ್ಥಿಗಳ ಮತವನ್ನೂ ಸೇರಿಸಿದರೆ ಪಾಲು ಇನ್ನೂ ಇಳಿಯುತ್ತದೆ. ಹಾಗಾಗಿ ಅಂತರದ ಜೊತೆಗೆ ಶೇಕಡಾವಾರು ಪಾಲು ಕೊಡಿ, ಮೂರನೆಯವರ ಮತವನ್ನೂ ಕೊಡಿ. ಈ ಫಲಿತಾಂಶ ಕೋರ್ಟಿಗೂ ಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆಯ್ಕೆಯನ್ನು ಅಸಿಂಧುಗೊಳಿಸಿ ಮರುಎಣಿಕೆಗೆ ಆದೇಶಿಸಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಸಿಂಧು ಆದೇಶಕ್ಕೆ ತಡೆ ಕೊಟ್ಟು, ಮರುಎಣಿಕೆ ಮಾಡಿ ಫಲಿತಾಂಶವನ್ನು ಮುಚ್ಚಿದ ಲಕೋಟೆಯಲ್ಲಿ ಸಲ್ಲಿಸಲು ಹೇಳಿತು.

ಚುನಾವಣಾ ತಕರಾರು ಅರ್ಜಿಯನ್ನು ಫಲಿತಾಂಶದ 45 ದಿನಗಳೊಳಗೆ ಹೈಕೋರ್ಟಿನಲ್ಲಿ ಹಾಕಬೇಕು, ಸಾಧ್ಯವಾದಷ್ಟು ಆರು ತಿಂಗಳಲ್ಲಿ ಇತ್ಯರ್ಥವಾಗಬೇಕು ಎನ್ನುತ್ತದೆ ಪ್ರಜಾಪ್ರತಿನಿಧಿ ಕಾಯ್ದೆ. ತುಮಕೂರು ಗ್ರಾಮಾಂತರದಲ್ಲಿ 2018ರಲ್ಲಿ ಗೆದ್ದ ಡಿ.ಸಿ. ಗೌರಿಶಂಕರ್ ಅವರ ಆಯ್ಕೆ ಅಸಿಂಧು ಎಂಬ ತೀರ್ಪು ಬಂದದ್ದು 2023ರ ಮಾರ್ಚ್ 30ರಂದು. ಮೇಲ್ಮನವಿಗೆಂದು ಆ ಆದೇಶವನ್ನು ಒಂದು ತಿಂಗಳು ಅಮಾನತಿನಲ್ಲಿಡಲಾಯಿತು. ಮೇ 10ಕ್ಕೆ ಮುಂದಿನ ಮತದಾನವೇ ಬಂತು. ಆರು ತಿಂಗಳ ಮಾತು ಎಲ್ಲಿ, ಐದು ವರ್ಷದ ಮಾತು ಎಲ್ಲಿ! ಪರಿಚಯದಲ್ಲಿ ಇಂಥ ತೀರ್ಪಿಗೆ ಒಂದು ಸಾಲು ಜಾಗ ಬೇಕು, ದಿನಾಂಕ ಸಮೇತ. ತೀರ್ಪು, ತಡೆಯಾಜ್ಞೆ ಎರಡನ್ನೂ ಬರೆಯಬೇಕು. ಒಂದನ್ನೇ ಬರೆದರೆ ಯಾರದೋ ಪರ ವಹಿಸಿದಂತಾಗುತ್ತದೆ.

ಇದನ್ನೆಲ್ಲ ತಾಳೆ ನೋಡುವುದು ಹೇಗೆ? ಮೊದಲು ಚುನಾವಣಾ ಆಯೋಗದ ಆಯಾ ವರ್ಷದ ಅಂಕಿಅಂಶ ವರದಿ ತೆರೆಯಿರಿ. ಅಲ್ಲಿ ಹೆಸರಿನಿಂದ ಹುಡುಕಬೇಡಿ. ವೆಂಕಟಶಿವಾರೆಡ್ಡಿ ಎಂಬ ಒಂದು ಹೆಸರೇ ಒಂದೊಂದು ವರ್ಷ ಒಂದೊಂದು ಥರ ಒಡೆದು, ಕೂಡಿಸಿ ಅಚ್ಚಾಗಿರುತ್ತದೆ. ಕ್ಷೇತ್ರದ ಸಂಖ್ಯೆ ಹಿಡಿದು ಹೋಗಿ. 2008ರಿಂದೀಚೆಗೆ ಶ್ರೀನಿವಾಸಪುರ 144, ಮುಳಬಾಗಿಲು 145, ಮಾಲೂರು 149. ತುಮಕೂರು ಜಿಲ್ಲೆಯ ಹನ್ನೊಂದು ಕ್ಷೇತ್ರಗಳು 128ರಿಂದ 138, ಚಿಕ್ಕಬಳ್ಳಾಪುರದ ಐದು 139ರಿಂದ 143. ಅದಕ್ಕೆ ಹಿಂದಿನ ವರ್ಷಗಳಿಗೆ ಈ ಸಂಖ್ಯೆ ನಡೆಯುವುದಿಲ್ಲ. ಬಳಿಕ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ನಮೂನೆ 20 ನೋಡಿ, ಅದು ಮತಗಟ್ಟೆವಾರು ಅಂತಿಮ ಫಲಿತಾಂಶದ ಪಟ್ಟಿ. ಅಂಚೆ ಮತಗಳು ಕೊನೆಯಲ್ಲಿ ಬೇರೆ ಸಾಲಿನಲ್ಲಿರುತ್ತವೆ. ಮತಯಂತ್ರದ ಮೊತ್ತವನ್ನಷ್ಟೇ ಬರೆದುಕೊಂಡು ಎದ್ದು ಬಂದರೆ 248ರಂಥ ಅಂತರದಲ್ಲಿ ಗೆದ್ದವರು ಯಾರೆಂಬುದೇ ಬದಲಾಗಿ ಕಾಣಬಹುದು.

ನೋಟಾ, ಅಂದರೆ ‘ಮೇಲಿನ ಯಾರೂ ಅಲ್ಲ’ ಎಂಬ ಆಯ್ಕೆಯ ಬಗ್ಗೆಯೂ ಎಚ್ಚರ ಬೇಕು. ಅದಕ್ಕೆ ದಾರಿ ಮಾಡಿಕೊಟ್ಟ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2013ರ ಸೆಪ್ಟೆಂಬರ್‌ನಲ್ಲಿ, ನಮ್ಮ ವಿಧಾನಸಭಾ ಚುನಾವಣೆ ಆ ವರ್ಷದ ಮೇ ತಿಂಗಳಲ್ಲೇ ಮುಗಿದಿತ್ತು. ಆದ್ದರಿಂದ 2013ರ ಅಂಕಿಗಳಲ್ಲಿ ನೋಟಾ ಇಲ್ಲ, 2018ರಿಂದ ಇದೆ. ಠೇವಣಿ ಉಳಿಯಲು ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬೇಕು. ಈ ಲೆಕ್ಕಕ್ಕೆ ನೋಟಾ ಸೇರುವುದಿಲ್ಲ. ಚಲಾವಣೆಯಾದ ಒಟ್ಟು ಮತವನ್ನು ಆರರಿಂದ ಭಾಗಿಸಿ ‘ಠೇವಣಿ ಹೋಯಿತು’ ಎಂದು ಬರೆಯುವುದರಿಂದ ಗಡಿಯಲ್ಲಿರುವ ಅಭ್ಯರ್ಥಿಗೆ ಅನ್ಯಾಯವಾಗುತ್ತದೆ.

ಆಸ್ತಿಯ ವಿವರಕ್ಕೆ ಅಭ್ಯರ್ಥಿ ನಾಮಪತ್ರದ ಜೊತೆ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರವೇ ಆಧಾರ. ‘ಐದು ವರ್ಷದಲ್ಲಿ ಆಸ್ತಿ ಇಮ್ಮಡಿ’ ಎಂಬ ಶೀರ್ಷಿಕೆ ಕೊಡುವ ಮೊದಲು ಎರಡೂ ವರ್ಷದ ಪತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಜಮೀನಿಗೆ ಕೊಂಡಾಗಿನ ಬೆಲೆ, ಇಂದಿನ ಮಾರುಕಟ್ಟೆ ಬೆಲೆ ಎಂದು ಬೇರೆ ಬೇರೆ ಅಂಕಣಗಳಿವೆ. ಮಾಲೂರು, ಚಿಕ್ಕಬಳ್ಳಾಪುರದಂಥ ಬೆಂಗಳೂರು ಮಗ್ಗುಲಿನ ತಾಲ್ಲೂಕಿನಲ್ಲಿ ಒಂದು ಗುಂಟೆಯನ್ನೂ ಹೊಸದಾಗಿ ಕೊಳ್ಳದೆಯೇ ಮೊತ್ತ ಏರುತ್ತದೆ. ಪತ್ನಿ ಅಥವಾ ಪತಿ, ಅವಲಂಬಿತರ ಅಂಕಣಗಳನ್ನು ಒಂದು ವರ್ಷ ಕೂಡಿ ಇನ್ನೊಂದು ವರ್ಷ ಬಿಡುವುದು ಸಾಮಾನ್ಯ ತಪ್ಪು. ಅವಿಭಕ್ತ ಕುಟುಂಬದ ಅಂಕಣ ನಮೂನೆಗೆ ಸೇರಿದ್ದು 2019ರ ತಿದ್ದುಪಡಿಯಲ್ಲಿ, ಹಾಗಾಗಿ 2018ನ್ನೂ 2023ನ್ನೂ ನೇರವಾಗಿ ಹೋಲಿಸಲು ಬರುವುದಿಲ್ಲ. ಸಾಲದ ಕಾಲಂ ಯಾರೂ ಓದುವುದಿಲ್ಲ. ಮೊಕದ್ದಮೆಗಳ ವಿಷಯದಲ್ಲಿ ವಿಚಾರಣೆಯಲ್ಲಿರುವುದು ಒಂದು ಕಡೆ, ಶಿಕ್ಷೆಯಾದದ್ದು ಇನ್ನೊಂದು ಕಡೆ ಇರುತ್ತದೆ. ಎರಡನ್ನೂ ಕೂಡಿ ಒಂದೇ ಅಂಕಿ ಕೊಡಬೇಡಿ.

ನಮ್ಮ ಕೋರಿಕೆ ಇಷ್ಟೇ. ಮೂರೂ ಜಿಲ್ಲೆಗಳ ಇಪ್ಪತ್ತೆರಡು ಕ್ಷೇತ್ರಗಳಿಗೆ ಒಂದೊಂದು ಪಟ್ಟಿ ಮಾಡಿ ಪತ್ರಿಕೆಯ ಕಚೇರಿಯಲ್ಲಿ ಇಟ್ಟುಕೊಳ್ಳಿ. ವರ್ಷ, ಕ್ಷೇತ್ರ, ಸಾರ್ವತ್ರಿಕವೋ ಉಪಚುನಾವಣೆಯೋ, ಆ ದಿನದ ಪಕ್ಷ, ಮೊದಲ ಮೂವರ ಮತ, ಸದನದಲ್ಲಿದ್ದ ಅವಧಿ, ಕೋರ್ಟಿನ ಷರಾ. ಮಾಲೂರಿನ ಸಾಲಿನ ಕೊನೆಯ ಅಂಕಣವನ್ನು ಮಾತ್ರ ಪೆನ್ಸಿಲ್ಲಿನಲ್ಲಿ ಬರೆಯಿರಿ.

ಇಂತಿ,
ಚುನಾವಣಾ ದಾಖಲೆಗಳನ್ನು ಓದುವ ಕೆಲವು ಓದುಗರು,
ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ