ಚಿತ್ರದಲ್ಲಿದ್ದದ್ದು ಬೇರೆ ಪಿಕಳಾರ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ‘ಕೆಮ್ಮೀಸೆ ಪಿಕಳಾರ’ (ಕೆಂಪು ಮೀಸೆಯ ಬುಲ್‌ಬುಲ್) ಎಂದು ಹಾಕಿದ್ದ ಚಿತ್ರ ಆ ಹಕ್ಕಿಯದ್ದಲ್ಲ, ಇನ್ನೊಂದು ಬಗೆಯ ಪಿಕಳಾರದ್ದು. ಬಾಲದ ಬುಡ ಕೆಂಪಗಿದ್ದರೆ ಸಾಲದು, ಅದು ಎರಡಕ್ಕೂ ಕೆಂಪೇ. ಮುಖ ನೋಡಬೇಕು. ಕೆಮ್ಮೀಸೆಗೆ ಚೂಪು ಜುಟ್ಟು, ಬಿಳಿ ಕೆನ್ನೆ, ಕಣ್ಣ ಹಿಂದೆ ಕೆಂಪು ಚುಕ್ಕೆ (ಅದೇ ‘ಮೀಸೆ’), ಬಿಳಿ ಹೊಟ್ಟೆ. ನೀವು ಹಾಕಿದ್ದಕ್ಕೆ ಕಪ್ಪು ತಲೆ, ಮೊಂಡು ಜುಟ್ಟು, ಮೈತುಂಬ ಮೀನಿನ ಹುರುಪೆಯಂಥ ಗೆರೆ.

ಹೋದ ಏಪ್ರಿಲ್‌ನಲ್ಲಿ ನಮ್ಮ ದಾಸವಾಳದ ಬೇಲಿಯಲ್ಲಿ ಕೆಮ್ಮೀಸೆ ಗೂಡು ಕಟ್ಟಿತ್ತು. ಮೂರು ಮೊಟ್ಟೆ. ಮರಿಗಳು ಹೊರಗೆ ಬಂದಾಗ ಮೊಮ್ಮಗಳು, “ಅಜ್ಜ, ಇವಕ್ಕೆ ಮೀಸೆ ಯಾಕಿಲ್ಲ?” ಎಂದಳು. ಮರಿಗಳಿಗೆ ಆ ಕೆಂಪು ಇರುವುದಿಲ್ಲ, ಬೆಳೆದ ಮೇಲೆ ಬರುತ್ತದೆ. ಅವಳು ನಿಮ್ಮ ಚಿತ್ರಗಳನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸುತ್ತಾಳೆ. ದಯವಿಟ್ಟು ತಿದ್ದುಪಡಿ ಹಾಕಿ.

– ನಿವೃತ್ತ ಶಿಕ್ಷಕ, ಸಾಗರ